ಘಟ್ಟದ ಮೇಲಿನ ಹುಳಿ, ಘಟ್ಟದ ಕೆಳಗಿನ ಹುಳಿ

ಕೇಳುಗರೆಲ್ಲರಿಗೂ ನಮಸ್ಕಾರ.

ರಜೆ ಬಂತೆಂದರೆ ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ನನಗೊಂದು ಫೋನ್ ಬರುತ್ತದೆ. "ಅಕ್ಕಾ, ನಿಮ್ಮ ಕಡೆ ಬರ್ತಾ ಇದ್ದೇವೆ, ಏನು ತಿನ್ನಬೇಕು?" ನಾನು ಹುಟ್ಟಿ ಬೆಳೆದದ್ದು ಘಟ್ಟದ ಕೆಳಗೆ, ಕಡಲ ಬದಿಯ ಅಂಕೋಲೆಯಲ್ಲಿ. ನೌಕರಿಗೆಂದು ಘಟ್ಟದ ಮೇಲಿನ ಶಿರಸಿ ಸೇರಿ ಇಪ್ಪತ್ತು ವರ್ಷವಾಯಿತು. ಎರಡೂ ಕಡೆಯ ಅನ್ನ ಉಂಡವಳು ನಾನು. ಎಲ್ಲರಿಗೂ ಒಂದೇ ಮಾತು ಹೇಳುತ್ತೇನೆ: ಹುಳಿ ಹುಡುಕಿ. ಉತ್ತರ ಕನ್ನಡದ ಅಡುಗೆಯ ಜೀವ ಹುಳಿಯಲ್ಲಿದೆ. ಅಪ್ಪೆ, ಕೋಕಂ ಎನ್ನುತ್ತಾರಲ್ಲ ಆ ಮುರುಗಲು, ವಾಟೆ, ಉಪ್ಪಾಗೆ, ಅಂಬಟೆ, ಎಲ್ಲ ನಮ್ಮ ಕಾಡಿನ, ಬೇಣದ ಮರಗಳೇ.

ಘಟ್ಟದ ಮೇಲೆ ಅಪ್ಪೆಯದೇ ರಾಜ್ಯ. ಹೊಳೆ ದಂಡೆಗಳಲ್ಲಿ ತಾನಾಗಿ ಬೆಳೆದ ಮಾವು ಅದು. ಹಣ್ಣನ್ನು ಯಾರೂ ಕೇಳುವುದಿಲ್ಲ, ಬೆಲೆಯೆಲ್ಲ ಮಿಡಿಗೆ. ತೊಟ್ಟು ಮುರಿದಾಗ ಚಿಮ್ಮುವ ಸೊನೆಯ ಪರಿಮಳದಿಂದಲೇ ಮರದ ಜಾತಿ ಹೇಳುವವರಿದ್ದಾರೆ. ಜೀರಿಗೆ ವಾಸನೆಯದು ಜೀರಿಗೆ ಅಪ್ಪೆ. ಇದರ ಉಪ್ಪಿನಕಾಯಿಯನ್ನು ಎಲ್ಲರೂ ಕೊಂಡು ಹೋಗುತ್ತಾರೆ. ನೀವು ಅಷ್ಟಕ್ಕೇ ಬಸ್ ಹತ್ತಬೇಡಿ, ಅಪ್ಪೆಹುಳಿ ಕುಡಿಯಿರಿ. ಕಾಯಿ ಬೇಯಿಸಿ, ಕಿವುಚಿ, ಧಾರಾಳ ನೀರು ಬೆರೆಸಿ, ಉಪ್ಪು, ಹಸಿಮೆಣಸು ಹಾಕಿ, ಮೇಲೊಂದು ಸಾಸಿವೆ-ಇಂಗಿನ ಒಗ್ಗರಣೆ. ಬೇಳೆ ಇಲ್ಲ, ತೆಂಗಿನಕಾಯಿ ಇಲ್ಲ. ನಾನು ಶಿರಸಿಗೆ ಬಂದ ವರ್ಷ, ಏಪ್ರಿಲ್ಲಿನ ಒಂದು ಮಧ್ಯಾಹ್ನ, ಪಕ್ಕದ ಮನೆಯ ಅಮ್ಮ ಊಟದ ಕೊನೆಗೆ ಲೋಟ ತುಂಬ ಕೊಟ್ಟು, "ಕುಡಿ ತಂಗಿ, ಕುಡಿದು ಒಂಚೂರು ಅಡ್ಡಾಗು" ಎಂದರು. ಎರಡು ಲೋಟ ಕುಡಿದೆ. ಆ ದಿನದ ನಿದ್ದೆ ಇನ್ನೂ ನೆನಪಿದೆ. ಹೋಟೆಲ್ಲಿನ ಬೋರ್ಡಿನಲ್ಲಿ ಅಪ್ಪೆಹುಳಿ ಕಾಣದಿದ್ದರೂ ಬಾಯಿಬಿಟ್ಟು ಕೇಳಿ. ಕೇಳುವವರಿದ್ದರೆ ಮಾಡುವವರು ಇರುತ್ತಾರೆ.

ಸಿಹಿ ಬೇಕೆನ್ನುವವರಿಗೆ ತೊಡದೇವು ಇದೆ. ಅಕ್ಕಿಹಿಟ್ಟು, ಕಬ್ಬಿನ ಹಾಲು ಕಲಸಿ, ಬೋರಲು ಹಾಕಿದ ಮಡಕೆಯ ಬೆನ್ನ ಮೇಲೆ ಕಾಗದದಷ್ಟು ತೆಳ್ಳಗೆ ಸವರಿ ತೆಗೆಯುವುದು. ಆಲೆಮನೆಯ ಕಾಲದಲ್ಲಿ ಬಂದರೆ ಬಿಸಿಯಾಗಿಯೇ ಸಿಕ್ಕೀತು.

ಇನ್ನು ದೇವಿಮನೆ ಘಟ್ಟ ಇಳಿಯಿರಿ. ಶಿರಸಿಯಿಂದ ಕುಮಟೆಗೆ ಸುಮಾರು 60 ಕಿಲೋಮೀಟರ್; ಅಷ್ಟರಲ್ಲಿ ಹುಳಿ ಬದಲಾಗಿರುತ್ತದೆ. ಕೆಳಗೆ ಮುರುಗಲು. ಕಾರವಾರದಲ್ಲಿ ಮೀನೂಟದ ಜೊತೆ ಗುಲಾಬಿ ಬಣ್ಣದ ಸೋಲ್ ಕಡಿ ಬರುತ್ತದಲ್ಲ, ಮುರುಗಲ ಸಿಪ್ಪೆ ನೆನೆಸಿದ ನೀರಿಗೆ ತೆಂಗಿನ ಹಾಲು, ಬೆಳ್ಳುಳ್ಳಿ, ಹಸಿಮೆಣಸು ಸೇರಿದರೆ ಅದೇ. ಇಸ್ವಾಣ ಮೀನಿನ ಫ್ರೈ ಎಲ್ಲಿ ಬೇಕಾದರೂ ಸಿಗುತ್ತದೆ. ನೀವು ಬಂಗಡೆಯ ಸಾರು ಕೇಳಿ, ಅದರಲ್ಲಿ ಜುಮ್ಮನಕಾಯಿ ಬಿದ್ದಿರಬೇಕು. ಕಾಳುಮೆಣಸಿನಂತೆ ಕಾಣುವ ಆ ಕಾಯಿ ನಾಲಿಗೆಯನ್ನು ಜುಮ್ಮೆನ್ನಿಸುತ್ತದೆ, ಮೀನಿನ ಹಸಿವಾಸನೆ ತೆಗೆಯುತ್ತದೆ. ಕೆಂಪು ಮೆಣಸು, ತೆಂಗಿನಕಾಯಿ ಅರೆದ ಆ ಸಾರಿಗೆ ನಮ್ಮಮ್ಮ ಮೂರು ಮುರುಗಲ ಸಿಪ್ಪೆ ಹಾಕುತ್ತಿದ್ದಳು. ಮರುದಿನ ಬೆಳಿಗ್ಗೆ ಅದೇ ಸಾರು, ಕುಚ್ಚಲಕ್ಕಿ ಗಂಜಿ. ನನಗೆ ಇಂದಿಗೂ ಅದಕ್ಕಿಂತ ದೊಡ್ಡ ಊಟವಿಲ್ಲ.

ತಾಜಾ ಮೀನು ಬೇಕಿದ್ದವರು ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಬಿಟ್ಟು ಬನ್ನಿ. ಯಾಂತ್ರಿಕ ದೋಣಿಗಳಿಗೆ ಆಗ ರಜೆ; ಮೀನು ಮೊಟ್ಟೆ ಇಡುವ ಕಾಲ, ಆ ರಜೆ ಇರಲೇಬೇಕು. ಏಪ್ರಿಲ್-ಮೇನಲ್ಲಿ ಬಂದವರಿಗೆ ಕುಮಟೆಯ ಅಳ್ವೆಕೋಡಿಯ ಹೆದ್ದಾರಿ ಬದಿಯಲ್ಲಿ ಸಿಹಿ ಈರುಳ್ಳಿಯ ಗೊಂಚಲು ತೂಗುತ್ತಿರುತ್ತವೆ. ಹಸಿಯಾಗಿಯೇ ತಿನ್ನಿ.

ಊರಿಗೆ ಹೊರಡುವಾಗ ಪೇಟೆಯಲ್ಲಿ ಕಾಲು ಕಿಲೋ ಒಣ ಮುರುಗಲು ಕೊಳ್ಳಿ. ಮುಟ್ಟಿ ನೋಡಿ. ಕಪ್ಪಗೆ, ಮೆತ್ತಗೆ, ಬೆರಳಿಗೆ ಅಂಟುವಂತಿರಬೇಕು. ಸಿಪ್ಪೆಯನ್ನು ಅದರದೇ ರಸದಲ್ಲಿ ಅದ್ದಿ ಮತ್ತೆ ಮತ್ತೆ ಬಿಸಿಲಿಗೆ ಹಾಕಿದ್ದರೆ ಮಾತ್ರ ಹಾಗಿರುತ್ತದೆ. ಮನೆ ಮುಟ್ಟಿದ ರಾತ್ರಿ ನಾಲ್ಕು ಸಿಪ್ಪೆ ಬಿಸಿನೀರಿಗೆ ಹಾಕಿ, ಉಪ್ಪು ಬೆರೆಸಿ, ಬೆಳ್ಳುಳ್ಳಿ ಒಗ್ಗರಣೆ ಕೊಡಿ.

ನಮಸ್ಕಾರ.