ಕಿತ್ತು ಒಗೀರಿ ಅನ್ನುವ ಮುಂಚೆ

ಕೇಳುಗರಿಗೆ ನಮಸ್ಕಾರ.

ಎಳ್ಳಮಾವಾಸ್ಯೆ ಮುಗಿದ ಮರುದಿನ ನನ್ನ ಹಲ್ಲಿನ ದವಾಖಾನೆಯಲ್ಲಿ ಬಿಡುವಿರುವುದಿಲ್ಲ. ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಭಜ್ಜಿ ಜೊತೆ ಖಡಕ್ ಸಜ್ಜಿ ರೊಟ್ಟಿ ತಿಂದವರಲ್ಲಿ ಒಬ್ಬಿಬ್ಬರಾದರೂ ಗಲ್ಲ ಹಿಡಿದುಕೊಂಡು ಬರುತ್ತಾರೆ. ರೊಟ್ಟಿಯ ತಪ್ಪಲ್ಲ ಅದು. ಹಲ್ಲು ಮೊದಲೇ ಒಳಗೆ ಟೊಳ್ಳಾಗಿರುತ್ತದೆ.

ಹಾಗೆ ಬಂದವರಲ್ಲಿ ಜೇವರ್ಗಿ ಕಡೆಯ ಒಬ್ಬ ತಾಯಿ ಇದ್ದರು. ಕುರ್ಚಿಯಲ್ಲಿ ಕೂರುವ ಮೊದಲೇ, "ಕಿತ್ತಿ ಒಗೀರಿ ಸಾಹೇಬ್ರ, ಹುಳ ಹತ್ಯಾದ, ಸಾಕಾಗ್ಯಾದ" ಅಂದರು. ಕೆಳದವಡೆಯ ಮೊದಲ ದೊಡ್ಡ ಹಲ್ಲು. ನಾಲಿಗೆ ಕಡೆಯ ಗೋಡೆ ಮುರಿದು ವಸಡಿನ ಸಮಕ್ಕೆ ಬಂದಿತ್ತು. ಎರಡು ವರ್ಷದ ಹಿಂದೆ ಬೇರೆ ಕಡೆ ರೂಟ್ ಕೆನಾಲ್, ಅಂದರೆ ಬೇರಿನೊಳಗಿನ ನಾಳ ಸ್ವಚ್ಛ ಮಾಡಿ ತುಂಬುವ ಚಿಕಿತ್ಸೆ, ಮಾಡಿಸಿದ್ದರಂತೆ. ನೋವು ನಿಂತಿತು, ತೊಗರಿ ರಾಶಿ ಬಂತು, ಕ್ಯಾಪ್ ಹಾಕಿಸುವುದು ಉಳಿದೇ ಹೋಯಿತು.

ಹಲ್ಲಿನ ವಿಷಯದಲ್ಲಿ ನಾವೆಲ್ಲ ಮೋಸ ಹೋಗುವುದು ಇಲ್ಲೇ. ರಾತ್ರಿಯೆಲ್ಲ ಕುಕ್ಕಿದ ಹಲ್ಲು ಒಂದು ದಿನ ತಾನಾಗಿ ಸುಮ್ಮನಾಗುತ್ತದೆ. ಲವಂಗದ ಎಣ್ಣೆಯಿಂದ ವಾಸಿಯಾಯಿತು ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಒಳಗಿನ ಜೀವದ ತಿರುಳು ಸತ್ತಿರುತ್ತದೆ, ಅದಕ್ಕೇ ನೋವಿಲ್ಲ. ಸತ್ತ ತಿರುಳಿಗೆ ರಕ್ತ ಹರಿಯುವುದಿಲ್ಲ. ಮೆಡಿಕಲ್ ಅಂಗಡಿಯಿಂದ ತಂದು ನುಂಗಿದ ಆ್ಯಂಟಿಬಯಾಟಿಕ್ ಅಲ್ಲಿಗೆ ಮುಟ್ಟುವ ದಾರಿಯೇ ಇರುವುದಿಲ್ಲ. ಬಾವು ಇಳಿದೀತು, ಬೇರಿನೊಳಗಿನ ರೋಗಾಣು ಅಲ್ಲೇ ಕೂತಿರುತ್ತದೆ. ಆ ತಾಯಿಯ ಎಕ್ಸ್‌ರೇಯಲ್ಲಿ ಬೇರಿನ ತುದಿಗೆ ತೊಗರಿ ಕಾಳಿನಷ್ಟು ಕರಿ ನೆರಳಿತ್ತು. ಅಲ್ಲಿ ಮೂಳೆ ಕರಗಿತ್ತು.

ಹುಳ ಅಂತ ಯಾವುದೂ ಇಲ್ಲ, ಇರುವುದು ಕಣ್ಣಿಗೆ ಕಾಣದ ರೋಗಾಣುಗಳು. 1965ರಲ್ಲಿ ಅಮೆರಿಕದಲ್ಲಿ ಒಂದು ಪ್ರಯೋಗ ಪ್ರಕಟವಾಯಿತು. ರೋಗಾಣುಗಳೇ ಇಲ್ಲದ ವಾತಾವರಣದಲ್ಲಿ ಬೆಳೆಸಿದ ಇಲಿಗಳ ಹಲ್ಲು ಕೊರೆದು ತಿರುಳು ತೆರೆದಿಟ್ಟರು. ಆ ಗಾಯ ತಾನೇ ಮಾಯಿತು. ಸಾಮಾನ್ಯ ಇಲಿಗಳಲ್ಲಿ ತಿರುಳು ಕೊಳೆತು ಸತ್ತಿತು. ಅಂದಮೇಲೆ ನಮ್ಮ ಕೆಲಸದ ತಿರುಳೂ ಅದೇ: ರೋಗಾಣುಗಳನ್ನು ಹೊರಗೆ ಹಾಕಬೇಕು, ಮತ್ತೆ ಒಳಗೆ ಬರದಂತೆ ಮುಚ್ಚಬೇಕು.

ಮೊದಲು ಬಾಯಿಗೆ ರಬ್ಬರ್ ಹಾಳೆ ಕಟ್ಟಿ ಆ ಒಂದೇ ಹಲ್ಲು ಹೊರಗೆ ಕಾಣುವಂತೆ ಮಾಡಿದೆವು. 1864ರಿಂದ ಬಳಕೆಯಲ್ಲಿರುವ ಪದ್ಧತಿ. ಉಗುಳು ಒಳಗೆ ಹೋದರೆ ಮಾಡಿದ್ದೆಲ್ಲ ನೀರುಪಾಲು. ಹಿಂದೆ ನಾಳಗಳಲ್ಲಿ ತುಂಬಿದ್ದ ಗಟ್ಟಾಪರ್ಚಾವನ್ನು ಎಳೆ ಎಳೆಯಾಗಿ ತೆಗೆದೆವು. ಮಲಯ ಸೀಮೆಯ ಮರದ ಹಾಲಿನಿಂದ ಬರುವ, ರಬ್ಬರಿನಂಥ ವಸ್ತು ಅದು. ಆಮೇಲೆ ಮೈಕ್ರೋಸ್ಕೋಪಿನಲ್ಲಿ ನೋಡಿದರೆ, ಮೂರು ನಾಳಗಳ ಪಕ್ಕ ಒಂದು ಕಂದು ಚುಕ್ಕೆ. ನಾಳ ಉಜ್ಜುವ ಸೂಜಿಯಂಥ ಅರ, ಹತ್ತನೇ ನಂಬರಿನ ಫೈಲ್ ಇಟ್ಟೆ, ಅದರ ತುದಿ 0.1 ಮಿಲಿಮೀಟರ್. ಉಸಿರು ಬಿಗಿಹಿಡಿದು ಮೆಲ್ಲಗೆ ತಿರುವಿದೆ. ಕಚ್ಚಿ ಹಿಡಿಯಿತು. ನಾಲ್ಕನೇ ನಾಳ! ಎರಡು ವರ್ಷ ರೋಗ ಅಡಗಿ ಕೂತಿದ್ದು ಅದರಲ್ಲಿ.

ನಾಳಗಳನ್ನು ಬಾಗುವ ನಿಕಲ್ ಟೈಟೇನಿಯಂ ಫೈಲುಗಳಿಂದ ಹದಗೊಳಿಸಿ, ರೋಗಾಣು ಕೊಲ್ಲುವ ಸೋಡಿಯಂ ಹೈಪೋಕ್ಲೋರೈಟ್ ದ್ರವದಿಂದ ಮತ್ತೆ ಮತ್ತೆ ತೊಳೆದು, ಎರಡು ವಾರ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ತುಂಬಿಟ್ಟೆವು. ಎಲೆಗೆ ಹಚ್ಚುವ ಸುಣ್ಣದ ಶುದ್ಧ ರೂಪ ಅದು. ಹಾಗಂತ ಮನೆಯಲ್ಲಿ ಹಲ್ಲಿಗೆ ಸುಣ್ಣ ತುಂಬಬೇಡಿ ದಯವಿಟ್ಟು, ವಸಡು ಸುಡುತ್ತದೆ.

ಬೇರಿನ ಗೋಡೆಗೇ ತೂತು ಬಿದ್ದ ಹಲ್ಲುಗಳನ್ನೂ ಈಗ ಉಳಿಸಲು ಬರುತ್ತದೆ. 1990ರ ದಶಕದಲ್ಲಿ ಅಮೆರಿಕದ ಲೋಮಾ ಲಿಂಡಾ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಎಂಟಿಎ ಎಂಬ ಪುಡಿಯಿಂದ ಆ ತೂತು ಮುಚ್ಚುತ್ತೇವೆ. ಅದರ ಮೂಲ ಪೋರ್ಟ್‌ಲ್ಯಾಂಡ್ ಸಿಮೆಂಟ್, ಅಂದರೆ ನಮ್ಮ ವಾಡಿ, ಸೇಡಂ ಕಡೆ ತಯಾರಾಗುವ ಸಿಮೆಂಟಿನ ಕುಲದ್ದೇ. ವೈದ್ಯಕೀಯಕ್ಕೆಂದು ಶುದ್ಧ ಮಾಡಿದ್ದು. ಪಸೆಯಲ್ಲೂ ಗಟ್ಟಿಯಾಗುತ್ತದೆ, ಅದೇ ಅದರ ಗುಣ.

ಬೇರು ಉದ್ದಕ್ಕೆ ಸೀಳಿದ್ದರೆ, ಸುತ್ತಲಿನ ಮೂಳೆಯೇ ಹೋಗಿದ್ದರೆ ಮಾತ್ರ ನಾನೂ ಕೀಳಿಸಿ ಅನ್ನುತ್ತೇನೆ. ಉಳಿದಂತೆ ಮೊದಲು ನೋಡುವುದು, ವಸಡಿನ ಮೇಲೆ ಸುಮಾರು 2 ಮಿಲಿಮೀಟರಿನಷ್ಟು ಗಟ್ಟಿ ಹಲ್ಲು ಇದೆಯೇ ಅಂತ. ಬಂಡಿ ಗಾಲಿಗೆ ಕಬ್ಬಿಣದ ಪಟ್ಟಿ ಬಿಗಿದ ಹಾಗೆ ಕ್ಯಾಪ್ ಅದನ್ನು ಸುತ್ತ ಅಪ್ಪಿಕೊಳ್ಳಬೇಕು. ಆ ತಾಯಿಗೆ ಮೂರು ಕಡೆ ಅಷ್ಟಿತ್ತು, ಸಾಕಾಯಿತು. ಖರ್ಚಿನ ಚಿಂತೆ ಇರುವವರಿಗೆ ಹೇಳುತ್ತೇನೆ, ಕಲಬುರಗಿಯಲ್ಲೇ ದಂತ ವೈದ್ಯಕೀಯ ಕಾಲೇಜುಗಳಿವೆ. ಅಲ್ಲಿ ಸಾಮಾನ್ಯವಾಗಿ ಖಾಸಗಿ ದವಾಖಾನೆಗಿಂತ ಕಡಿಮೆಯಲ್ಲಿ ಆಗುತ್ತದೆ. ಹೋಗಿ ಕೇಳಿ.

ಕ್ಯಾಪ್ ಹಾಕಿದ ಒಂದು ವರ್ಷದ ಮೇಲೆ ಅವರು ಮತ್ತೆ ಎಕ್ಸ್‌ರೇಗೆ ಬಂದರು. ಕರಿ ನೆರಳಿದ್ದ ಜಾಗದಲ್ಲಿ ಮೂಳೆಯ ಬಿಳಿ ಎಳೆಗಳು ಕಟ್ಟಿಕೊಂಡಿದ್ದವು. ಬೆರಳಿಟ್ಟು ತೋರಿಸಿದೆ. ಅವರು ಚೀಲದಿಂದ ಬಟ್ಟೆಯಲ್ಲಿ ಸುತ್ತಿದ ಸಜ್ಜಿ ರೊಟ್ಟಿ ತೆಗೆದು ಮೇಜಿನ ಮೇಲಿಟ್ಟರು. "ಈಗ ಈ ಕಡೀಲಿಂದೇ ತಿಂತೀನ್ರಿ" ಅಂದರು.

ನಮಸ್ಕಾರ.