ಅಪರೂಪಕ್ಕೆ ಲೆಕ್ಕ ಕಟ್ಟಿದ ವರದನ್

ಕೇಳುಗರಿಗೆ ನಮಸ್ಕಾರ.

ಮದುವೆ ಮನೆಯ ಅಡುಗೆ ಭಟ್ಟರನ್ನು ಒಮ್ಮೆ ನೆನಪಿಸಿಕೊಳ್ಳಿ. 500 ಎಲೆ ಅಂತ ಹೇಳಿರುತ್ತೀರಿ. ಹತ್ತಿಪ್ಪತ್ತು ಜನ ಜಾಸ್ತಿ ಆದರೆ ಅವರು ತಲೆ ಕೆಡಿಸಿಕೊಳ್ಳುವುದಿಲ್ಲ, ಸಾರಿಗೆ ಒಂದು ಕೊಡ ನೀರು ಸುರಿದರೆ ಮುಗೀತು. ಆದರೆ 800 ಜನ ಬಂದರೆ? ಹಾಗೆಲ್ಲ ಬರುವುದಿಲ್ಲ ಬಿಡಿ ಅನ್ನುತ್ತೀರಿ. ಸರಿ, ಬರುವುದಿಲ್ಲ ಅಂದರೆ ಎಷ್ಟರ ಮಟ್ಟಿಗೆ ಬರುವುದಿಲ್ಲ? ಈ ಪ್ರಶ್ನೆಯ ಹಿಂದೆ ಬಿದ್ದು ಗಣಿತದ ದೊಡ್ಡ ಗೌರವವಾದ ಆಬೆಲ್ ಪ್ರಶಸ್ತಿಯವರೆಗೆ ಹೋದವರು ಎಸ್. ಆರ್. ಶ್ರೀನಿವಾಸ ವರದನ್.

ಹುಟ್ಟಿದ್ದು 1940ರ ಜನವರಿ 2, ಮದ್ರಾಸಿನಲ್ಲಿ. ತಂದೆ ಶಾಲಾ ಮೇಷ್ಟ್ರು. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸ್ಟಾಟಿಸ್ಟಿಕ್ಸ್ ಓದಿ, 1959ರಲ್ಲಿ ಕಲ್ಕತ್ತೆಯ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಸೇರಿದರು. ಆಗ ತಲೆಯಲ್ಲಿ ಇದ್ದದ್ದು ಕಾರ್ಖಾನೆಯ ಕ್ವಾಲಿಟಿ ಕಂಟ್ರೋಲ್! ಅಲ್ಲಿ ಪಾರ್ಥಸಾರಥಿ, ವರದರಾಜನ್, ರಂಗರಾವ್ ಎನ್ನುವ ಮೂವರು ಸಿಕ್ಕರು, ಇವರನ್ನು ಶುದ್ಧ ಗಣಿತದ ಕಡೆಗೆ ಎಳೆದುಕೊಂಡರು. ಒಬ್ಬರಿಗೊಬ್ಬರು ಪಾಠ ಹೇಳಿಕೊಂಡು ಬೆಳೆದ ಹುಡುಗರು ಇವರು. ಗೈಡ್ ಆಗಿದ್ದವರು ಸ್ಟಾಟಿಸ್ಟಿಕ್ಸ್‌ನಲ್ಲಿ ದೊಡ್ಡ ಹೆಸರಾದ ಸಿ. ಆರ್. ರಾವ್. ಅವರು ಹುಟ್ಟಿದ್ದು ನಮ್ಮ ಹೂವಿನ ಹಡಗಲಿಯಲ್ಲಿ, ಅದೇ ಮಲ್ಲಿಗೆಯ ಊರು. ಈ ವಿಷಯ ನಮ್ಮಲ್ಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ.

1962ರಲ್ಲಿ ರಷ್ಯಾದಿಂದ ಕೊಲ್ಮಗೊರೊವ್ ಬಂದರು. ಇವತ್ತಿನ ಸಂಭವನೀಯತೆಯ ಗಣಿತಕ್ಕೆ ಪಾಯ ಹಾಕಿದವರೇ ಅವರು, ವರದನ್ ಅವರ ಥೀಸಿಸ್‌ಗೆ ಪರೀಕ್ಷಕರೂ ಹೌದು. ಅವರ ಮುಂದೆ ಇಪ್ಪತ್ತೆರಡರ ಹುಡುಗ ಭಾಷಣಕ್ಕೆ ನಿಂತ. ಹುರುಪಿನಲ್ಲಿ ಗಡಿಯಾರ ನೋಡಲೇ ಇಲ್ಲ, ಕೊಟ್ಟ ಸಮಯ ಮೀರಿ ಹೇಳುತ್ತಲೇ ಹೋದ. ಕೊನೆಗೆ ಕೊಲ್ಮಗೊರೊವ್ ಎದ್ದು ಏನೋ ಹೇಳಲು ಶುರು ಮಾಡಿದರೆ, ಸಾಕಾಗಿ ಕೂತಿದ್ದ ಸಭಿಕರು ಒಬ್ಬೊಬ್ಬರೇ ಜಾಗ ಖಾಲಿ ಮಾಡುತ್ತಿದ್ದಾರೆ. ಅವರಿಗೆ ಸಿಟ್ಟು ಬಂತು, ಕೈಲಿದ್ದ ಸೀಮೆಸುಣ್ಣ ಎಸೆದು ಹೊರಟೇಹೋದರು. ನನ್ನ ಪಿಎಚ್‌ಡಿ ಕಥೆ ಮುಗೀತು ಅಂದುಕೊಂಡ ಹುಡುಗ ಅವರು ಇಳಿದುಕೊಂಡಿದ್ದ ಜಾಗಕ್ಕೇ ಓಡಿಹೋಗಿ ತಪ್ಪಾಯ್ತು ಅಂದರೆ, ಅವರು ಏನಂದರು ಗೊತ್ತಾ? ನಮ್ಮಲ್ಲಿ ಸೆಮಿನಾರ್ ಮೂರು ಗಂಟೆ ನಡೆಯುತ್ತೆ, ನಿನ್ನ ಮೇಲೆ ಸಿಟ್ಟಿಲ್ಲ, ನಾನು ಮಾತಾಡಲು ಎದ್ದಾಗ ಎದ್ದುಹೋದರಲ್ಲ, ಅವರ ಮೇಲೆ ಸಿಟ್ಟು ಅಂತ!

ಪದವಿ ಬಂತು. 1963ರಲ್ಲಿ ನ್ಯೂಯಾರ್ಕಿನ ಕೂರಂಟ್ ಇನ್‌ಸ್ಟಿಟ್ಯೂಟ್ ಎನ್ನುವ ಗಣಿತ ಸಂಸ್ಥೆಗೆ ಹೋದರು. ಕಟ್ಟಡ ಹಿಂದೆ ಟೋಪಿ ಕಾರ್ಖಾನೆಯಾಗಿತ್ತಂತೆ, ಕೊಟ್ಟ ಕೋಣೆಗೆ ಕಿಟಕಿಯೇ ಇಲ್ಲ. ತಾತ್ಕಾಲಿಕ ಕೆಲಸಕ್ಕೆ ಅಂತ ಹೋದವರು ಅಲ್ಲೇ ಉಳಿದರು, ಎರಡು ಸಲ ಡೈರೆಕ್ಟರ್ ಕೂಡ ಆದರು.

ಈಗ ಅವರ ಲೆಕ್ಕಕ್ಕೆ ಬರೋಣ. ಒಂದು ನಾಣ್ಯ ತಗೊಳ್ಳಿ. 10 ಸಲ ಚಿಮ್ಮಿದರೆ 7 ಅಥವಾ ಹೆಚ್ಚು ತಲೆ ಬೀಳುವ ಸಾಧ್ಯತೆ ನೂರಕ್ಕೆ ಸುಮಾರು 17, ಅಂಥ ವಿಶೇಷವೇನಲ್ಲ. 100 ಸಲ ಚಿಮ್ಮಿ 70 ಅಥವಾ ಹೆಚ್ಚು ತಲೆ ಬೇಕು ಅಂದರೆ ಸುಮಾರು 25,000ಕ್ಕೆ ಒಂದು ಸಲ. 1000 ಸಲ ಚಿಮ್ಮಿ 700 ಬೇಕು ಅಂದರೆ, ಒಂದರ ಮುಂದೆ ಮೂವತ್ತಾರು ಮೂವತ್ತೇಳು ಸೊನ್ನೆ ಬರೆದು, ಅಷ್ಟರಲ್ಲಿ ಒಂದು ಸಲ ಅನ್ನಬೇಕು. ಪಾಲು ಅದೇ ನೂರಕ್ಕೆ 70, ಆದರೆ ಸಾಧ್ಯತೆ ಎಂಥ ವೇಗದಲ್ಲಿ ಕುಸಿಯಿತು ನೋಡಿ. ಸ್ವೀಡನ್ನಿನ ಗಣಿತಜ್ಞ ಕ್ರಾಮೇರ್ 1930ರ ದಶಕದಲ್ಲಿ ವಿಮಾ ಕಂಪನಿಗಳ ಲೆಕ್ಕದಿಂದ ಹೊರಟು ಇದನ್ನು ಹಿಡಿದಿದ್ದರು. ವರದನ್ 1966ರಿಂದ ಈಚೆಗೆ ಇದಕ್ಕೆಲ್ಲ ಒಂದೇ ಚೌಕಟ್ಟು ಕಟ್ಟಿದರು, ಮುಂದೆ ಡಾನ್ಸ್‌ಕರ್ ಎನ್ನುವ ಗಣಿತಜ್ಞರ ಜೊತೆ ಸೇರಿ ಅದನ್ನು ಭೌತಶಾಸ್ತ್ರದ ಒಳಗೂ ನುಗ್ಗಿಸಿದರು. ಇನ್ನೊಂದು ಕಡೆ ಸ್ಟ್ರೂಕ್ ಎನ್ನುವ ಇನ್ನೊಬ್ಬ ಗಣಿತಜ್ಞರ ಜೊತೆ ಮಾಡಿದ ಕೆಲಸವೂ ದೊಡ್ಡದೇ, ಆದರೆ ಅದನ್ನು ರೇಡಿಯೋದಲ್ಲಿ ಹೇಳಲು ಹೋದರೆ ನೀವು ಸ್ಟೇಷನ್ ಬದಲಾಯಿಸುತ್ತೀರಿ.

ನನಗೆ ಇದರಲ್ಲಿ ತುಂಬ ಇಷ್ಟವಾದ ಮಾತು ಒಂದಿದೆ. ಆಗಬಾರದ್ದು ಆಗಿಯೇಬಿಟ್ಟರೆ, ಅದು ತನಗೆ ಇರುವ ದಾರಿಗಳಲ್ಲಿ ಎಲ್ಲಕ್ಕಿಂತ ಸಲೀಸಾದ ದಾರಿಯಲ್ಲೇ ಆಗುತ್ತದೆ. ಭಟ್ಟರ 800 ಎಲೆಗೇ ಬನ್ನಿ. ಒಬ್ಬೊಬ್ಬರೂ ಅವರವರ ಪಾಡಿಗೆ ಬರುವವರಾದರೆ, ಒಂದೇ ಮನೆಯಿಂದ 300 ಜನ ಜಾಸ್ತಿ ಬಂದಿರುವುದಿಲ್ಲ, ಎಲ್ಲ ಮನೆಯಿಂದಲೂ ಒಬ್ಬಿಬ್ಬರು ಜಾಸ್ತಿ ಬಂದಿರುತ್ತಾರೆ. ಆ ಸಲೀಸಾದ ದಾರಿ ಯಾವುದು ಅಂತ ಹುಡುಕಿದರೆ ಸಾಧ್ಯತೆ ಎಷ್ಟು ಅನ್ನುವುದೂ ಕೈಗೆ ಸಿಗುತ್ತದೆ.

2001ರ ಸೆಪ್ಟೆಂಬರ್ 11ರ ದಾಳಿಯಲ್ಲಿ ಅವರ ಹಿರಿಯ ಮಗ ತೀರಿಕೊಂಡರು. ಅದನ್ನು ಅವರ ಗಣಿತಕ್ಕೆ ತಳುಕು ಹಾಕಿ ಮಾತಾಡುವುದು ನನಗೆ ಸರಿ ಕಾಣುವುದಿಲ್ಲ.

2007ರಲ್ಲಿ ಓಸ್ಲೋದಲ್ಲಿ ನಾರ್ವೆಯ ದೊರೆ ಕೈಯಿಂದ ಆಬೆಲ್ ಪ್ರಶಸ್ತಿ ಬಂತು. ಜೊತೆಗೆ 60 ಲಕ್ಷ ಕ್ರೋನರ್. ನಮ್ಮ ಸರ್ಕಾರ 2008ರಲ್ಲಿ ಪದ್ಮಭೂಷಣ, 2023ರಲ್ಲಿ ಪದ್ಮವಿಭೂಷಣ ಕೊಟ್ಟಿತು. ಕಲ್ಕತ್ತೆಗೆ ಕಲಿಯಲು ಹೋದ ಆ ಕ್ವಾಲಿಟಿ ಕಂಟ್ರೋಲ್ ಮಾತ್ರ ಅಲ್ಲೇ ಬಾಕಿ ಉಳಿಯಿತು.

ನಮಸ್ಕಾರ.