ಮೂತ್ರದ ಹಿಸ್ಟಮಿನ್: ಒಂದು ಅಂಕಿಗೆ ಇಷ್ಟೊಂದು ಮರ್ಯಾದೆ ಏಕೆ?

ನಮಸ್ಕಾರ. ಇವತ್ತಿನ ವಿಷಯ ಮೂತ್ರ. ಊಟ ಮಾಡುತ್ತಾ ಕೇಳುತ್ತಿರುವವರು ಕ್ಷಮಿಸಬೇಕು.

ಮೈಯೆಲ್ಲ ತುರಿಕೆ, ದದ್ದು, ಇದ್ದಕ್ಕಿದ್ದಂತೆ ಕೆಂಪೇರುವ ಮುಖ, ಕಾರಣ ತಿಳಿಯದ ಹೊಟ್ಟೆನೋವು. ಇವುಗಳಿಂದ ಬೇಸತ್ತವರಿಗೆ ಯಾರಾದರೂ 'ಮೂತ್ರದಲ್ಲಿ ಹಿಸ್ಟಮಿನ್ ಎಷ್ಟಿದೆ ನೋಡಿಸಿ' ಎನ್ನುತ್ತಾರೆ. ಹಿಸ್ಟಮಿನ್ ಎಂದರೆ ಅಲರ್ಜಿಯಾದಾಗ ತುರಿಕೆ, ದದ್ದು ಎಬ್ಬಿಸುವ, ದೇಹವೇ ತಯಾರಿಸುವ ಒಂದು ರಾಸಾಯನಿಕ. ಒಂದು ಡಬ್ಬಿ ಮೂತ್ರ ಕೊಟ್ಟದ್ದಾಯಿತು, ವರದಿಯಲ್ಲಿ ಅಂಕಿ ಮೇಲಿದ್ದದ್ದಾಯಿತು. ಕೂಡಲೇ ತಿನ್ನಬಾರದವುಗಳ ಉದ್ದನೆಯ ಪಟ್ಟಿ ಕೈಗೆ ಬರುತ್ತದೆ. ನನ್ನ ತಕರಾರು ಪರೀಕ್ಷೆಯ ಮೇಲಲ್ಲ, ಆ ಅವಸರದ ಮೇಲೆ.

ಹಿಸ್ಟಮಿನ್ ಹೆಚ್ಚಾಗಿ ರೋಗನಿರೋಧಕ ವ್ಯವಸ್ಥೆಗೆ ಸೇರಿದ ಮಾಸ್ಟ್ ಕೋಶಗಳಲ್ಲಿ ದಾಸ್ತಾನಾಗಿರುತ್ತದೆ. ಅಲ್ಲಿಂದ ರಕ್ತಕ್ಕೆ ಬಿದ್ದರೆ ದೇಹ ಅದನ್ನು ನಿಮಿಷಗಳಲ್ಲೇ ಒಡೆಯತೊಡಗುತ್ತದೆ. ರೂಪ ಬದಲಿಸದೆ ಮೂತ್ರಕ್ಕೆ ಇಳಿಯುವುದು ನೂರರಲ್ಲಿ ಎರಡು ಮೂರು ಪಾಲು ಅಷ್ಟೇ. ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಹಿಸ್ಟಿಡಿನ್ ಎಂಬ ಅಮೈನೋ ಆಮ್ಲದಿಂದ ಹಿಸ್ಟಮಿನ್ ತಯಾರಿಸುವ ವಿದ್ಯೆ ಕೆಲವು ಬ್ಯಾಕ್ಟೀರಿಯಾಗಳಿಗೂ ಗೊತ್ತು. ಮೂತ್ರನಾಳದಲ್ಲಿ ಸೋಂಕಿದ್ದರೆ, ಅಥವಾ ಮಾದರಿಯನ್ನು ತಣ್ಣಗಿಡದೆ ಗಂಟೆಗಟ್ಟಲೆ ಬಿಟ್ಟರೆ, ಡಬ್ಬಿಯೊಳಗೇ ಹಿಸ್ಟಮಿನ್ ಹುಟ್ಟಬಹುದು. ಆಗ ಲ್ಯಾಬ್ ಅಳೆದದ್ದು ನಿಮ್ಮನ್ನೋ, ಡಬ್ಬಿಯನ್ನೋ?

ಆದ್ದರಿಂದಲೇ ಬಲ್ಲ ವೈದ್ಯರು ಎನ್-ಮೀಥೈಲ್‌ಹಿಸ್ಟಮಿನ್ ಕೇಳುತ್ತಾರೆ. ಅದು ದೇಹದ ಕಿಣ್ವವು ಹಿಸ್ಟಮಿನ್ನನ್ನು ಬದಲಿಸಿದಾಗ ಸಿಗುವ ವಸ್ತು, ಹಾಗಾಗಿ ಈ ಗೊಂದಲ ಕಡಿಮೆ. ಸಾಮಾನ್ಯವಾಗಿ 24 ಗಂಟೆಯ ಮೂತ್ರವನ್ನು ಸಂಗ್ರಹಿಸಿ, ಕ್ರಿಯಾಟಿನಿನ್‌ಗೆ, ಅಂದರೆ ದಿನವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಮೂತ್ರಕ್ಕೆ ಸೇರುವ ತ್ಯಾಜ್ಯಕ್ಕೆ, ಹೋಲಿಸಿ ಲೆಕ್ಕ ಹಾಕುತ್ತಾರೆ. ಒಮ್ಮೆ ನೀರು ಹೆಚ್ಚು ಕುಡಿದಿರುತ್ತೀರಿ, ಒಮ್ಮೆ ಕಡಿಮೆ. ಆ ಏರುಪೇರು ಇದರಿಂದ ಸರಿಹೋಗುತ್ತದೆ. ಇದೂ ದೋಷವಿಲ್ಲದ್ದಲ್ಲ: ಹಿಸ್ಟಮಿನ್ ಹೆಚ್ಚಿರುವ, ಹುದುಗಿಸಿದ ಅಥವಾ ಬಹುಕಾಲ ಮಾಗಿಸಿದ ಆಹಾರ ತಿಂದರೆ ಇದೂ ಏರಬಹುದು.

ಮಾಸ್ಟ್ ಕೋಶಗಳು ಅತಿಯಾಗಿ ಹೆಚ್ಚುವ ಮಾಸ್ಟೊಸೈಟೋಸಿಸ್‌ನಂತಹ ಕಾಯಿಲೆಯ ಅನುಮಾನವಿದ್ದಾಗ ಈ ಪರೀಕ್ಷೆ ನಿಜಕ್ಕೂ ನೆರವಾಗುತ್ತದೆ. ಅಲ್ಲಿಯೂ ಅದು ಒಂಟಿ ಸಾಕ್ಷಿಯಲ್ಲ, ಜೊತೆಗೆ ಮಾಸ್ಟ್ ಕೋಶಗಳು ಬಿಡುವ ಟ್ರಿಪ್ಟೇಸ್ ಎಂಬ ಕಿಣ್ವ ರಕ್ತದಲ್ಲಿ ಎಷ್ಟಿದೆ ಎಂದು ನೋಡುತ್ತಾರೆ. ಮಾಸ್ಟ್ ಕೋಶಗಳು ಕೆರಳಿವೆಯೇ ಎಂದು ತಿಳಿಯಲು ಆ ರಕ್ತವನ್ನು ತೊಂದರೆ ಶುರುವಾದ ನಾಲ್ಕು ಗಂಟೆಯೊಳಗೆ ತೆಗೆದು, ನೀವು ಆರಾಮಾಗಿದ್ದಾಗಿನ ಮಟ್ಟಕ್ಕೆ ಹೋಲಿಸಬೇಕು. ಆ ಮಟ್ಟದ ಮೇಲೆ ಶೇ 20 ಮತ್ತು ಇನ್ನೂ ಮಿಲಿಲೀಟರಿಗೆ 2 ನ್ಯಾನೋಗ್ರಾಂ ಏರಿರಬೇಕು ಎಂಬುದು ತಜ್ಞರ ಅಳತೆ. ನಿಮ್ಮನ್ನು ನಿಮ್ಮೊಂದಿಗೇ ಹೋಲಿಸುವ ಈ ಕ್ರಮ ನನಗೆ ಬಹಳ ಹಿಡಿಸುತ್ತದೆ.

ಆದರೆ ಹಿಸ್ಟಮಿನ್ ಅಸಹಿಷ್ಣುತೆ, ಅಂದರೆ ಆಹಾರದ ಹಿಸ್ಟಮಿನ್ ಒಗ್ಗದಿರುವುದು, ಇದೆಯೋ ಇಲ್ಲವೋ ಎಂದು ಖಚಿತವಾಗಿ ಹೇಳಬಲ್ಲ ಮೂತ್ರ ಪರೀಕ್ಷೆ ಇಲ್ಲ. ಇದೆ ಎಂದು ಮಾರುವವರು ಮಾತ್ರ ಇದ್ದಾರೆ.

ಇನ್ನೊಂದು ಮಾತು. ಪರೀಕ್ಷೆಗೆಂದು ಅಲರ್ಜಿ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಆ ಮಾತ್ರೆಯಲ್ಲಿರುವ ಆಂಟಿಹಿಸ್ಟಮಿನ್ ತಡೆಯುವುದು ಹಿಸ್ಟಮಿನ್ ಹೋಗಿ ಕೂರುವ ಗ್ರಾಹಕವನ್ನು, ಅದು ಹೊರಬರುವುದನ್ನಲ್ಲ. ಯಾವ ಔಷಧ ನಿಲ್ಲಿಸಬೇಕು, ಯಾವುದು ಮುಂದುವರಿಯಬೇಕು ಎಂಬುದನ್ನು ಪರೀಕ್ಷೆ ಬರೆದುಕೊಟ್ಟ ವೈದ್ಯರನ್ನೇ ಕೇಳಿ. ಚೀಟಿಯಲ್ಲಿರುವುದು ಹಿಸ್ಟಮಿನ್ನೋ, ಮೀಥೈಲ್‌ಹಿಸ್ಟಮಿನ್ನೋ ಎಂಬುದನ್ನೂ ಆಗಲೇ ಕೇಳಿಬಿಡಿ.